ಗಡಿಯೂರಿನ ಆಂಟೆನಾ

ಟಿವಿ ಚೆನ್ನಾಗಿ ಕಾಣಬೇಕಾದರೆ ಆಂಟೆನಾ ಎತ್ತರಕ್ಕೇರಿಸಬೇಕು ಎಂಬುದು ಎಂಬತ್ತರ ದಶಕದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಕಣಗಲಾದಂಥ ಊರಿನ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ, ನಿಪ್ಪಾಣಿಗಳ ನಡುವೆ ಇರುವ ಈ ಊರಿಗೆ ದಕ್ಷಿಣಕ್ಕೆ ಬೆಳಗಾವಿ, ಉತ್ತರಕ್ಕೆ ಮಹಾರಾಷ್ಟ್ರದ ಕೊಲ್ಹಾಪುರ. ಎರಡೂ 50 ಕಿಲೋಮೀಟರಿನ ಆಸುಪಾಸು. ಇಂಥ ಕಡೆ ಚಿತ್ರ ಎಷ್ಟು ಸ್ವಚ್ಛವಾಗಿ ಬರುತ್ತದೆ ಎಂಬುದರ ಜೊತೆಗೆ ಯಾವ ಭಾಷೆಯಲ್ಲಿ ಬರುತ್ತದೆ ಎಂಬ ಪ್ರಶ್ನೆಯೂ ಇದೆ. ಮೊದಲನೆಯದನ್ನು ಮನೆಯವರು ಗಳು ನೆಟ್ಟು ತಕ್ಕಮಟ್ಟಿಗೆ ಸರಿಮಾಡಿಕೊಳ್ಳಬಹುದಿತ್ತು. ಎರಡನೆಯದು ಅವರ ಕೈಯಲ್ಲಿ ಇರಲೇ ಇಲ್ಲ. ಗೋಪುರವನ್ನು ಎಲ್ಲಿ ನಿಲ್ಲಿಸಬೇಕು, ಅದು ಏನನ್ನು ಬಿತ್ತರಿಸಬೇಕು ಎಂದು ನಿರ್ಧರಿಸಿದವರ ಕೈಯಲ್ಲಿತ್ತು.

ರೇಡಿಯೊ ಕಾಲದಲ್ಲಿ ಈ ತೊಡಕು ಇಷ್ಟು ಕಾಡಲಿಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಮಧ್ಯಮ ತರಂಗ ನೆಲವನ್ನು ಅನುಸರಿಸಿ ದೂರ ಸಾಗುವುದರಿಂದ ಕನ್ನಡ ಕೇಳಲು ಯಾರೂ ಮಾಳಿಗೆ ಹತ್ತಬೇಕಾಗಿರಲಿಲ್ಲ. ಟಿವಿಯ ಅಲೆ ಹಾಗಲ್ಲ, ಅದು ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. ಆದರೂ ಉತ್ತರ ಕರ್ನಾಟಕದ ಹಳ್ಳಿಗೆ ಕನ್ನಡದ ಟಿವಿ ಮೊದಲು ಬಂದದ್ದು ಗೋಪುರದಿಂದಲ್ಲ, ಉಪಗ್ರಹದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕೊಟ್ಟಿತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ, ಮೂರು ಮೀಟರ್ ಅಗಲದ ಡಿಶ್ಶುಗಳು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ನಿಂತವು. ಪಕ್ಕದ ಬೆಳಗಾವಿ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ.

ಈ ಭಾಗಕ್ಕೆ ಟಿವಿಯ ಅಲೆ ಹತ್ತಿರವಾದದ್ದು ಇನ್ಸಾಟ್-1ಬಿ ಉಪಗ್ರಹ ಬಂದಮೇಲೆ. 1984ರ ಕೆಲವು ತಿಂಗಳು ದೂರದರ್ಶನ ಸರಾಸರಿ ದಿನಕ್ಕೊಂದರಂತೆ, ಉಪಗ್ರಹದ ಕಾರ್ಯಕ್ರಮವನ್ನು ಮರುಬಿತ್ತರಿಸುವ ಕಡಿಮೆ ಶಕ್ತಿಯ ಪ್ರಸಾರ ಕೇಂದ್ರಗಳನ್ನು ತೆರೆಯಿತು. ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ ಆದ್ಯತೆ. ಬೆಳಗಾವಿಯೂ ಕೊಲ್ಹಾಪುರವೂ ಆ ಅಳತೆಯವೇ. ಆದರೆ 100 ವಾಟ್‌ನ ಇಂಥ ಕೇಂದ್ರದ ಭರವಸೆಯ ವ್ಯಾಪ್ತಿ 20–25 ಕಿಲೋಮೀಟರ್. ಲಕ್ಷದ ಲೆಕ್ಕದಲ್ಲಿ ನಡುವಿನ ಹಳ್ಳಿಗಳು ಎರಡೂ ಕಡೆಯಿಂದ ಹೊರಗುಳಿದವು. ಆಗ ಗಳು ಎಷ್ಟು ಕೆಲಸ ಮಾಡಬಲ್ಲದು ಎಂದು ಲೆಕ್ಕ ಹಾಕಿ ನೋಡಬಹುದು. ಸಪಾಟು ನೆಲದಲ್ಲಿ 100 ಮೀಟರ್ ಗೋಪುರದ ಅಲೆ ನೆಟ್ಟಗೆ ತಲುಪುವ ದೂರ ಸುಮಾರು 41 ಕಿಲೋಮೀಟರ್. ಮನೆಯ ಆಂಟೆನಾ 10 ಮೀಟರ್ ಎತ್ತರದಲ್ಲಿದ್ದರೆ ಇನ್ನೂ 13 ಸೇರುತ್ತದೆ. ಅದನ್ನೇ 20 ಮೀಟರಿಗೆ ಏರಿಸಿದರೆ ಹೆಚ್ಚುವರಿಯಾಗಿ ಸಿಗುವುದು ಬರೀ ಐದು ಚಿಲ್ಲರೆ ಕಿಲೋಮೀಟರ್! ನಡುವೆ ಗುಡ್ಡ ಬಂದರೆ ಅದೂ ಇಲ್ಲ. ಅಲೆಯ ಶಕ್ತಿಯೇ ಸೋತಿರುವಲ್ಲಿ ಬೂಸ್ಟರ್ ಹಾಕಿದರೆ ಚಿತ್ರದ ಜೊತೆ ಚುಕ್ಕಿಗಳೂ ದೊಡ್ಡವಾಗುತ್ತವೆ. ಮಳೆಗಾಲದಲ್ಲಿ ಪಟ್ಟಿ ವೈರಿನ ಗಂಟಿಗೆ ತುಕ್ಕು ಹಿಡಿದು ಬಂದ ಚಿತ್ರವೂ ಹೋಗುತ್ತದೆ. ಇಷ್ಟೆಲ್ಲ ಪಾಡುಪಟ್ಟು ಹಿಡಿದ ಅಲೆಯಲ್ಲಿ ಬರುತ್ತಿದ್ದುದು ಮೊದಲ ವರ್ಷಗಳಲ್ಲಿ ಬಹುಪಾಲು ದೆಹಲಿಯ ಕಾರ್ಯಕ್ರಮವೇ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲೇ ಆರಂಭವಾಗಿತ್ತು. ಆದರೆ ಬೆಳಗಾವಿಯತ್ತ ಆಂಟೆನಾ ತಿರುಗಿಸಿದ ಮಾತ್ರಕ್ಕೆ ಬೆಂಗಳೂರಿನ ಕನ್ನಡ ಇಲ್ಲಿಗೆ ಬರುವಂತಿರಲಿಲ್ಲ.

ಗಳು ಬಗೆಹರಿಸಲಾಗದ್ದನ್ನು ಕೊನೆಗೆ ಬಗೆಹರಿಸಿದ್ದು ಮತ್ತೆ ಉಪಗ್ರಹವೇ. 2004ರ ಡಿಸೆಂಬರಿನಲ್ಲಿ ಶುರುವಾದ ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಫ್ರೀ ಡಿಶ್, ತಿಂಗಳ ಬಾಡಿಗೆಯಿಲ್ಲದೆ ದೂರದರ್ಶನದ ಕನ್ನಡ ವಾಹಿನಿ ಚಂದನವನ್ನು ಗಡಿಯ ಮನೆಗೂ ತಂದಿತು. ಕಣಗಲಾದಿಂದ ಆ ಉಪಗ್ರಹ ಇರುವುದು ಆಗ್ನೇಯಕ್ಕೆ, ಸುಮಾರು 61 ಡಿಗ್ರಿ ಎತ್ತರದಲ್ಲಿ. ಕನ್ನಡದ ಮನೆಯಾಗಲಿ ಮರಾಠಿಯ ಮನೆಯಾಗಲಿ, ಡಿಶ್ ಮುಖ ಮಾಡುವ ದಿಕ್ಕು ಒಂದೇ. ಊರು ಯಾವ ನಗರಕ್ಕೆ ಹತ್ತಿರ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಇದು ಸಣ್ಣ ನ್ಯಾಯವಲ್ಲ.

ಹಾಗಿದ್ದರೆ ನೆಲದ ಗೋಪುರ ಇನ್ನೇಕೆ ಎಂದು ಕೇಳಬಹುದು. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯ ತೀರ್ಮಾನವೂ ಅದೇ: ಆಯಕಟ್ಟಿನ ಜಾಗಗಳ ಐವತ್ತರಷ್ಟನ್ನು ಬಿಟ್ಟು ಉಳಿದ ಅನಲಾಗ್ ಪ್ರಸಾರವನ್ನು 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸುವುದಾಗಿ ಅದು ಪ್ರಕಟಿಸಿತು. ನೋಡುವವರೇ ಇಲ್ಲದ ಹಳೆಯ ಯಂತ್ರಕ್ಕೆ ವಿದ್ಯುತ್ ಸುರಿಯುವುದು ದಂಡ ಎಂಬ ವಾದವನ್ನು ಒಪ್ಪುತ್ತೇನೆ. ಅನಲಾಗ್ ಹೋದದ್ದಕ್ಕೆ ಯಾರೂ ಮರುಗಬೇಕಿಲ್ಲ. ಆದರೆ ಅದರ ಜಾಗಕ್ಕೆ ಬರಬೇಕಿದ್ದ ಡಿಜಿಟಲ್ ಗೋಪುರ ಹಳ್ಳಿಯ ಕಡೆ ಬರಲೇ ಇಲ್ಲ. 2016ರ ಫೆಬ್ರುವರಿಯಲ್ಲಿ ಈ ಸೇವೆ ಆರಂಭವಾದ 16 ನಗರಗಳಲ್ಲಿ ಕರ್ನಾಟಕದ್ದು ಬೆಂಗಳೂರೊಂದೇ. ಕೇಬಲ್ಲು, ಡಿಶ್ಶು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆಯೇ ಹೊಸ ಗೋಪುರ! ಡಿಜಿಟಲ್‌ನಲ್ಲಿ ನೆರಳುಚಿತ್ರ, ಚುಕ್ಕಿಗಳ ಕಾಟವಿಲ್ಲ. ಅಲೆ ಒಂದು ಮಟ್ಟಕ್ಕೆ ಸಿಕ್ಕರೆ ಚಿತ್ರ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಗಳುವಿನ ಆ ಐದು ಕಿಲೋಮೀಟರಿಗೆ ನಿಜವಾದ ಬೆಲೆ ಬರುವುದು ಇಲ್ಲೇ. ಗೋಪುರ ಬೇಕೆನ್ನಲು ಇನ್ನೊಂದು ಕಾರಣವೂ ಇದೆ: ಫ್ರೀ ಡಿಶ್ ಇಡೀ ದೇಶಕ್ಕೆ ಒಂದೇ ಬುಟ್ಟಿಯಲ್ಲಿ ಕಾರ್ಯಕ್ರಮ ಇಳಿಸುತ್ತದೆ. ಘಟಪ್ರಭೆ, ಹಿರಣ್ಯಕೇಶಿ ನದಿಗಳಿಗೆ ನೆರೆ ಬಂದ ದಿನ ಸುತ್ತಲಿನ ತಾಲ್ಲೂಕುಗಳಿಗಷ್ಟೇ ಬೇಕಾದ ಸುದ್ದಿಗೆ ಅಲ್ಲಿ ಜಾಗವಿಲ್ಲ, ಜೋರು ಮಳೆಗೆ ಅದರ ಅಲೆಯೇ ಸೊರಗುತ್ತದೆ. ಆ ಕೆಲಸ ನೆಲದ ಗೋಪುರದ್ದು. ಈಗ ಇಂಟರ್ನೆಟ್ ಇಲ್ಲದೆ ನೇರ ಮೊಬೈಲಿಗೆ ಟಿವಿ ಕಳಿಸುವ ಪ್ರಯೋಗಗಳೂ ದೆಹಲಿ, ಬೆಂಗಳೂರಿನಂಥ ನಗರಗಳಲ್ಲೇ ನಡೆದಿವೆ. ಆ ಜಾಲದ ಗೋಪುರಗಳಿಗೆ ಜಾಗ ಗುರುತಿಸುವಾಗ 1984ರ ಲಕ್ಷದ ಲೆಕ್ಕ ಬಿಟ್ಟು, ಬೆಳಗಾವಿ–ಕೊಲ್ಹಾಪುರಗಳ ನಡುವೆ ಎರಡೂ ಕಡೆಯಿಂದ ತಪ್ಪಿದ ಹಳ್ಳಿಗಳಿಂದಲೇ ಪ್ರಸಾರ ಭಾರತಿ ಎಣಿಕೆ ಶುರುಮಾಡಲಿ.