ಪ್ರೊಸೆಸರ್ ಬದಲಾವಣೆಯ ನಂತರದ ದೋಷನಿವಾರಣೆ

ಪ್ರೊಸೆಸರ್ ಬದಲಾವಣೆಯ ನಂತರದ ದೋಷನಿವಾರಣೆ ಎಂದರೆ ಮನೆಬಳಕೆಯ ಗಣಕಯಂತ್ರದಲ್ಲಿ ಹಳೆಯ ಪ್ರೊಸೆಸರ್ ತೆಗೆದು ಹೊಸದನ್ನು ಅಳವಡಿಸಿದ ಬಳಿಕ ಕಾಣಿಸಿಕೊಳ್ಳುವ ತೊಂದರೆಗಳ ಕಾರಣವನ್ನು ಕ್ರಮಬದ್ಧವಾಗಿ ಪತ್ತೆಹಚ್ಚಿ ಸರಿಪಡಿಸುವ ಕಾರ್ಯ. ಯಂತ್ರ ಚಾಲನೆಗೊಳ್ಳದಿರುವುದು, ಪರದೆಯ ಮೇಲೆ ಏನೂ ಮೂಡದಿರುವುದು, ಅತಿಯಾಗಿ ಬಿಸಿಯಾಗುವುದು, ನಡುವೆಯೇ ಸ್ಥಗಿತಗೊಳ್ಳುವುದು ಮತ್ತು ಡಿಸ್ಕ್‌ನಲ್ಲಿರುವ ಕಡತಗಳು ತೆರೆಯದಿರುವುದು ಇಂತಹ ತೊಂದರೆಗಳಲ್ಲಿ ಮುಖ್ಯವಾದವು. ಹೊಸ ಪ್ರೊಸೆಸರ್ ತಾನೇ ಕೆಟ್ಟಿರುವ ಸಂದರ್ಭಗಳು ವಿರಳ. ಮದರ್‌ಬೋರ್ಡ್‌ನೊಡನೆ ಹೊಂದಾಣಿಕೆಯಿಲ್ಲದಿರುವುದು, ಬಯಾಸ್ ಹಳೆಯದಾಗಿರುವುದು, ಜೋಡಣೆಯಲ್ಲಿನ ಸಣ್ಣ ಲೋಪ ಅಥವಾ ಹಳೆಯ ಸಿದ್ಧತೆಗಳು ಉಳಿದುಕೊಂಡಿರುವುದು ಸಾಮಾನ್ಯ ಕಾರಣಗಳು. ಈ ವ್ಯತ್ಯಾಸವನ್ನು ತಿಳಿಯದೆ ಸುಸ್ಥಿತಿಯಲ್ಲಿರುವ ಬಿಡಿಭಾಗವನ್ನು ಕೆಟ್ಟಿದೆಯೆಂದು ಬದಿಗಿಟ್ಟರೆ ಹಣ ನಷ್ಟವಾಗುತ್ತದೆ. ಪರದೆಯ ಎಚ್ಚರಿಕೆಯನ್ನು ಓದದೆ ಮುಂದುವರಿದರೆ ಕಡತಗಳೇ ಕೈತಪ್ಪಬಹುದು.

## ಪರಿಭಾಷೆ ಮತ್ತು ವ್ಯಾಪ್ತಿ

ಆಡುಮಾತಿನಲ್ಲಿ 'ಸಿಪಿಯು' ಎಂಬ ಪದವನ್ನು ಮೇಜಿನ ಬದಿಯಲ್ಲಿಡುವ ಇಡೀ ಪೆಟ್ಟಿಗೆಗೆ ಬಳಸುವ ರೂಢಿಯಿದೆ. ತಾಂತ್ರಿಕವಾಗಿ ಅದು ಮದರ್‌ಬೋರ್ಡ್‌ನ ಸಾಕೆಟ್‌ನಲ್ಲಿ ಕೂರುವ ಕೇಂದ್ರ ಸಂಸ್ಕರಣಾ ಘಟಕವನ್ನು ಮಾತ್ರ ಸೂಚಿಸುತ್ತದೆ. ಗೊಂದಲವನ್ನು ತಪ್ಪಿಸಲು ಈ ಲೇಖನದಲ್ಲಿ ಪೆಟ್ಟಿಗೆಗೆ 'ಕ್ಯಾಬಿನೆಟ್' ಎಂದೂ ಘಟಕಕ್ಕೆ 'ಪ್ರೊಸೆಸರ್' ಎಂದೂ ಹೇಳಲಾಗಿದೆ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸಾಮಾನ್ಯವಾಗಿ ಬೋರ್ಡ್‌ಗೇ ಬೆಸೆದಿರುವುದರಿಂದ ಇಲ್ಲಿನ ವಿವರಣೆ ಡೆಸ್ಕ್‌ಟಾಪ್ ಯಂತ್ರಗಳಿಗೆ ಅನ್ವಯಿಸುತ್ತದೆ.

## ಹಿನ್ನೆಲೆ

1990ರ ದಶಕದಲ್ಲಿ ಸನ್ನೆಯೊಂದನ್ನು ಎತ್ತಿದರೆ ಪ್ರೊಸೆಸರ್ ಸಡಿಲಗೊಳ್ಳುವಂತಹ ಸಾಕೆಟ್‌ಗಳು ಬಳಕೆಗೆ ಬಂದ ಮೇಲೆ ಸಾಮಾನ್ಯ ಬಳಕೆದಾರರೂ ಪ್ರೊಸೆಸರ್ ಬದಲಾಯಿಸುವುದು ಸುಲಭವಾಯಿತು. 1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಪ್ರೊಸೆಸರ್‌ನಲ್ಲಿ ಭಾಗಾಕಾರದ ದೋಷವೊಂದು ಬೆಳಕಿಗೆ ಬಂದಾಗ, ಕೋರಿದವರಿಗೆ ಬದಲಿ ಪ್ರೊಸೆಸರ್ ನೀಡುವುದಾಗಿ ಸಂಸ್ಥೆಯು ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆ ಕಾಲದ ಬೋರ್ಡ್‌ಗಳಲ್ಲಿ ವೇಗ ಹಾಗೂ ವೋಲ್ಟೇಜನ್ನು ಜಂಪರ್ ಎಂಬ ಪುಟ್ಟ ಕೊಂಡಿಗಳ ಮೂಲಕ ಕೈಯಿಂದಲೇ ಹೊಂದಿಸಬೇಕಿತ್ತು.

ಮುಂದೆ ಈ ಹೊಣೆ ಬಯಾಸ್‌ಗೆ ವರ್ಗಾವಣೆಯಾಯಿತು. ಬಯಾಸ್ ಮತ್ತು ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ, ಮದರ್‌ಬೋರ್ಡ್‌ನ ಚಿಪ್‌ನಲ್ಲಿ ನೆಲೆಸಿರುವ ಮೂಲ ತಂತ್ರಾಂಶಗಳು. ಯಂತ್ರಕ್ಕೆ ವಿದ್ಯುತ್ ಹರಿದ ಕೂಡಲೇ ಪ್ರೊಸೆಸರ್ ಯಾವುದೆಂದು ಗುರುತಿಸಿ ಅದಕ್ಕೆ ತಕ್ಕ ಸಿದ್ಧತೆಗಳನ್ನು ಮಾಡುವುದು ಇವುಗಳ ಕೆಲಸ. ಜಂಪರ್‌ಗಳ ಕಾಟ ಇದರಿಂದ ತಪ್ಪಿತಾದರೂ, ಬಯಾಸ್‌ಗೆ ಪರಿಚಯವಿಲ್ಲದ ಪ್ರೊಸೆಸರ್ ಕೆಲಸ ಮಾಡದೆಂಬ ಹೊಸ ತೊಡಕು ಹುಟ್ಟಿಕೊಂಡಿತು.

## ಹೊಂದಾಣಿಕೆಯ ತೊಂದರೆಗಳು

### ಸಾಕೆಟ್ ಮತ್ತು ಚಿಪ್‌ಸೆಟ್

ಪ್ರೊಸೆಸರ್ ಸಾಕೆಟ್‌ನಲ್ಲಿ ಸರಿಯಾಗಿ ಕೂರುತ್ತದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದರ್ಥವಲ್ಲ. ಇದಕ್ಕೆ ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ ಉತ್ತಮ ಉದಾಹರಣೆ. 2015ರಲ್ಲಿ ಬಂದ ಈ ಸಾಕೆಟ್ ಆರನೆಯ ಮತ್ತು ಏಳನೆಯ ಪೀಳಿಗೆಯ ಕೋರ್ ಪ್ರೊಸೆಸರ್‌ಗಳಿಗೆ ಬಳಕೆಯಾಯಿತು. 2017ರ ಎಂಟನೆಯ ಪೀಳಿಗೆಯ ಪ್ರೊಸೆಸರ್‌ಗಳೂ ಇದೇ ಆಕಾರದ ಸಾಕೆಟ್ಟನ್ನು ಬಳಸಿದವು. ಆದರೆ ಕೆಲವು ಸಂಪರ್ಕಬಿಂದುಗಳ ಹಂಚಿಕೆ ಬದಲಾಗಿದ್ದರಿಂದ ಅವುಗಳಿಗೆ 300 ಸರಣಿಯ ಚಿಪ್‌ಸೆಟ್ ಇರುವ ಹೊಸ ಬೋರ್ಡ್ ಅಗತ್ಯವಾಯಿತು.

### ಬಯಾಸ್ ಆವೃತ್ತಿ

ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. 2017ರ ಮೊದಲ ರೈಜನ್‌ನಿಂದ 2020ರ ರೈಜನ್ 5000 ಸರಣಿಯವರೆಗೆ ಒಂದೇ ಸಾಕೆಟ್ ಮುಂದುವರಿಯಿತು. ಆದರೆ ಹಳೆಯ ಬೋರ್ಡ್‌ಗಳಲ್ಲಿ ಹೊಸ ಪ್ರೊಸೆಸರ್ ನಡೆಯಲು ಬಯಾಸನ್ನು ನವೀಕರಿಸಬೇಕಿತ್ತು. ನವೀಕರಿಸಲು ಚಾಲನೆಯಲ್ಲಿರುವ ಯಂತ್ರ ಬೇಕು. ಯಂತ್ರ ಚಾಲನೆಗೊಳ್ಳಲು ನವೀಕರಿಸಿದ ಬಯಾಸ್ ಬೇಕು. 2018ರಲ್ಲಿ ಇಂತಹ ಇಕ್ಕಟ್ಟಿಗೆ ಸಿಲುಕಿದ ಗ್ರಾಹಕರಿಗೆ ಎಎಂಡಿ ತಾತ್ಕಾಲಿಕ ಬಳಕೆಗೆಂದು ಪ್ರೊಸೆಸರ್‌ಗಳನ್ನು ಎರವಲು ಕಳುಹಿಸಿಕೊಟ್ಟಿತು. ಕೆಲವು ಬೋರ್ಡ್‌ಗಳ ಬಯಾಸ್ ಚಿಪ್‌ನಲ್ಲಿ ಎಲ್ಲ ಪ್ರೊಸೆಸರ್‌ಗಳ ಮಾಹಿತಿಗೆ ಜಾಗ ಸಾಲದೆ, ಹೊಸ ಆವೃತ್ತಿಗಳಲ್ಲಿ ಹಳೆಯ ಪ್ರೊಸೆಸರ್‌ಗಳ ಬೆಂಬಲವನ್ನು ಕೈಬಿಟ್ಟದ್ದೂ ಉಂಟು.

ಆದ್ದರಿಂದ ಹಳೆಯ ಪ್ರೊಸೆಸರ್ ಇನ್ನೂ ಸಾಕೆಟ್‌ನಲ್ಲಿರುವಾಗಲೇ ಬಯಾಸ್ ನವೀಕರಿಸಿಕೊಳ್ಳುವುದು ಸುರಕ್ಷಿತ ಕ್ರಮ. ಬೋರ್ಡ್ ತಯಾರಕರು ಪ್ರಕಟಿಸುವ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಅಗತ್ಯವಾದ ಕನಿಷ್ಠ ಆವೃತ್ತಿಯನ್ನು ಸೂಚಿಸಿರುತ್ತಾರೆ. ಈಗಾಗಲೇ ಬದಲಾಯಿಸಿಯಾಗಿದ್ದರೆ ಹಳೆಯದನ್ನು ಮತ್ತೆ ಕೂರಿಸಿ ನವೀಕರಿಸಬಹುದು. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್ ಡ್ರೈವ್‌ನಿಂದ ಬಯಾಸ್ ಬರೆಯುವ ಗುಂಡಿ ಇರುತ್ತದೆ. ಬಯಾಸ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಬೋರ್ಡ್ ನಿಷ್ಕ್ರಿಯವಾಗುವ ಅಪಾಯವಿರುವುದರಿಂದ, ವಿದ್ಯುತ್ ಕಡಿತವಿರುವ ಕಡೆಗಳಲ್ಲಿ ಯುಪಿಎಸ್ ಬಳಸುವುದು ಅವಶ್ಯಕ.

## ಬದಲಾವಣೆಗೆ ಮುನ್ನ: ಡಿಸ್ಕ್‌ನ ಗೂಢಲಿಪೀಕರಣ

ಯಂತ್ರ ಚಾಲನೆಗೊಳ್ಳದಿದ್ದರೆ ಭಾಗಗಳನ್ನು ಬದಲಾಯಿಸಬಹುದು. ಕಳೆದುಹೋದ ಕೀಲಿಗೆ ಬದಲಿ ಇಲ್ಲ. ವಿಂಡೋಸ್‌ನ ಬಿಟ್‌ಲಾಕರ್ ಅಥವಾ 'ಸಾಧನ ಗೂಢಲಿಪೀಕರಣ' ಸಕ್ರಿಯವಾಗಿರುವ ಯಂತ್ರಗಳಲ್ಲಿ ಡಿಸ್ಕನ್ನು ತೆರೆಯುವ ಕೀಲಿಯನ್ನು ಟಿಪಿಎಂ ಎಂಬ ಭದ್ರತಾ ಘಟಕ ಕಾಯುತ್ತದೆ. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11 ಟಿಪಿಎಂ 2.0 ಅನ್ನು ಕಡ್ಡಾಯಗೊಳಿಸಿದ ಮೇಲೆ ಇದರ ಬಳಕೆ ವ್ಯಾಪಕವಾಗಿದೆ. ಬಹುತೇಕ ಮನೆಬಳಕೆಯ ಯಂತ್ರಗಳಲ್ಲಿ ಟಿಪಿಎಂ ಪ್ರತ್ಯೇಕ ಚಿಪ್ ಆಗಿರದೆ, ಪ್ರೊಸೆಸರ್ ಮತ್ತು ಚಿಪ್‌ಸೆಟ್‌ನ ಫರ್ಮ್‌ವೇರ್‌ನಲ್ಲೇ ಅಡಕವಾಗಿರುತ್ತದೆ. ಹೀಗಾಗಿ ಪ್ರೊಸೆಸರ್ ಬದಲಾದರೆ ಕೀಲಿಯ ಸಂಬಂಧವೂ ಕಡಿದುಹೋಗಬಹುದು.

ಎಎಂಡಿ ಯಂತ್ರಗಳಲ್ಲಿ ಹೊಸ ಪ್ರೊಸೆಸರ್ ಅಳವಡಿಸಿದ ಬಳಿಕ ಟಿಪಿಎಂ ದಾಖಲೆಯನ್ನು ಮರುಹೊಂದಿಸಬೇಕೇ ಎಂದು ಕೇಳುವ ಸಂದೇಶ ಪರದೆಯ ಮೇಲೆ ಬರುವುದು ಸಾಮಾನ್ಯ. 'ವೈ' ಕೀಲಿ ಒತ್ತಿದರೆ ಹಳೆಯ ದಾಖಲೆ ಅಳಿಯುತ್ತದೆ. 'ಎನ್' ಒತ್ತಿದರೆ ಅದು ಉಳಿಯುತ್ತದೆ ಮತ್ತು ಹಳೆಯ ಪ್ರೊಸೆಸರನ್ನು ಮರಳಿ ಕೂರಿಸಿ ಕೀಲಿಗಳನ್ನು ಪಡೆಯುವ ಅವಕಾಶವಿರುತ್ತದೆ. ಬಿಟ್‌ಲಾಕರ್‌ನ 48 ಅಂಕಿಗಳ ಪುನಃಪ್ರಾಪ್ತಿ ಕೀಲಿ ಕೈಯಲ್ಲಿಲ್ಲದೆ 'ವೈ' ಒತ್ತಿದರೆ ಡಿಸ್ಕ್‌ನಲ್ಲಿರುವ ಕಡತಗಳು ಶಾಶ್ವತವಾಗಿ ಕೈತಪ್ಪಬಹುದು.

ಈ ಕಾರಣದಿಂದ ಕ್ಯಾಬಿನೆಟ್ ತೆರೆಯುವ ಮೊದಲು ಮೂರು ಕೆಲಸಗಳು ಮುಗಿದಿರಬೇಕು:

* ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡುವುದು.
* ಪುನಃಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಅಥವಾ ಬೇರೆ ಸಾಧನದಲ್ಲಿ ಉಳಿಸಿಕೊಳ್ಳುವುದು. ಮೈಕ್ರೋಸಾಫ್ಟ್ ಖಾತೆ ಬಳಸುವವರ ಕೀಲಿ ಅನೇಕ ವೇಳೆ ಆ ಖಾತೆಯಲ್ಲಿ ಉಳಿದಿರುತ್ತದೆ.
* ಬಿಟ್‌ಲಾಕರ್ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು. ಬಯಾಸ್ ನವೀಕರಣಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

## ಯಂತ್ರ ಚಾಲನೆಗೊಳ್ಳದಿದ್ದಾಗ

ಗಣಕಯಂತ್ರವು ಆರಂಭವಾಗುವಾಗ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪರೀಕ್ಷೆ ಎಲ್ಲಿ ನಿಂತಿತೆಂಬುದನ್ನು ಬೀಪ್ ಸದ್ದುಗಳು ಅಥವಾ ಬೋರ್ಡ್‌ನ ಪುಟ್ಟ ದೀಪಗಳು ಸೂಚಿಸುತ್ತವೆ. ಅನೇಕ ಹೊಸ ಬೋರ್ಡ್‌ಗಳಲ್ಲಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಮತ್ತು ಬೂಟ್ ಎಂಬ ನಾಲ್ಕು ದೀಪಗಳಿದ್ದು, ತೊಂದರೆಯಿರುವ ಹಂತದ ದೀಪ ಉರಿದೇ ಇರುತ್ತದೆ. ಬೀಪ್‌ಗಳ ಅರ್ಥ ಬಯಾಸ್ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಆಯಾ ಬೋರ್ಡ್‌ನ ಕೈಪಿಡಿಯನ್ನೇ ನೋಡಬೇಕು.

| ಲಕ್ಷಣ | ಮೊದಲು ಪರಿಶೀಲಿಸಬೇಕಾದದ್ದು |
|---|---|
| ಯಾವ ಫ್ಯಾನೂ ತಿರುಗುವುದಿಲ್ಲ | ಎಸ್‌ಎಂಪಿಎಸ್‌ನ ಸ್ವಿಚ್, 24 ಪಿನ್‌ಗಳ ಕೇಬಲ್, ಕ್ಯಾಬಿನೆಟ್ ಗುಂಡಿಯ ತಂತಿ |
| ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿದೆ | ಪ್ರೊಸೆಸರ್‌ನ ವಿದ್ಯುತ್ ಕೇಬಲ್, ಬಯಾಸ್ ಆವೃತ್ತಿ, ರಾಮ್, ಮಾನಿಟರ್ ಕೇಬಲ್‌ನ ಸ್ಥಾನ |
| ಕೆಲವೇ ನಿಮಿಷಗಳಲ್ಲಿ ಆಫ್ ಆಗುತ್ತದೆ | ಹೀಟ್ ಸಿಂಕ್‌ನ ಸಂಪರ್ಕ, ಪ್ರೊಸೆಸರ್ ಫ್ಯಾನ್‌ನ ತಂತಿ |
| ಅರ್ಧದಷ್ಟೇ ರಾಮ್ ಕಾಣಿಸುತ್ತದೆ | ಬಾಗಿದ ಪಿನ್, ಸಡಿಲವಾದ ರಾಮ್, ಹೀಟ್ ಸಿಂಕ್‌ನ ಅಸಮ ಒತ್ತಡ |
| ಹೊರೆ ಹೆಚ್ಚಿದಾಗ ಮಾತ್ರ ಸ್ಥಗಿತಗೊಳ್ಳುತ್ತದೆ | ಮೆಮೊರಿ ವೇಗ, ತಾಪ, ಎಸ್‌ಎಂಪಿಎಸ್‌ನ ಸಾಮರ್ಥ್ಯ |

ಪರಿಶೀಲನೆಯನ್ನು ಸುಲಭವಾದದ್ದರಿಂದ ಆರಂಭಿಸಿ ಕಷ್ಟವಾದದ್ದರತ್ತ ಸಾಗಿಸಲಾಗುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು ಇದರ ಮೂಲ ನಿಯಮ. ಒಮ್ಮೆಗೇ ಹಲವನ್ನು ಬದಲಾಯಿಸಿದರೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ.

1. ಕಾಯುವುದು. ಡಿಡಿಆರ್5 ಮೆಮೊರಿಯ ಎಎಂ5 ಯಂತ್ರಗಳು ಮೊದಲ ಬಾರಿ ಮೆಮೊರಿಯನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಈ ಅವಧಿಯಲ್ಲಿ ಪರದೆ ಕಪ್ಪಾಗಿರುವುದು ದೋಷವಲ್ಲ.
2. ಪ್ರೊಸೆಸರ್‌ನ ವಿದ್ಯುತ್ ಕೇಬಲ್. ಸಾಕೆಟ್‌ನ ಸಮೀಪದಲ್ಲಿರುವ ನಾಲ್ಕು ಅಥವಾ ಎಂಟು ಪಿನ್‌ಗಳ ಈ ಕೇಬಲ್ ಕೆಲಸದ ನಡುವೆ ಮರೆತುಹೋಗುವುದುಂಟು. ಇದಿಲ್ಲದಿದ್ದರೆ ಫ್ಯಾನ್‌ಗಳು ತಿರುಗಿದರೂ ಪ್ರೊಸೆಸರ್ ಚಾಲನೆಗೊಳ್ಳುವುದಿಲ್ಲ.
3. ಮಾನಿಟರ್ ಕೇಬಲ್. ಎಲ್ಲ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಅಂತರ್ಗತವಾಗಿರುವುದಿಲ್ಲ. ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿರುವ ಇಂಟೆಲ್ ಕೋರ್ ಮಾದರಿಗಳಲ್ಲಿ ಆ ಸೌಲಭ್ಯವಿಲ್ಲ. ರೈಜನ್ 5 5600ಜಿ ಮಾದರಿಯಲ್ಲಿ ಇದೆ, 5600ಎಕ್ಸ್ ಮಾದರಿಯಲ್ಲಿ ಇಲ್ಲ. ಅಂತಹ ಪ್ರೊಸೆಸರ್ ಬಳಸುವಾಗ ಗ್ರಾಫಿಕ್ಸ್ ಕಾರ್ಡ್ ಬೇಕು, ಮಾನಿಟರ್ ಕೇಬಲನ್ನು ಆ ಕಾರ್ಡ್‌ಗೇ ಜೋಡಿಸಬೇಕು.
4. ಬಯಾಸ್ ಸಿದ್ಧತೆಗಳನ್ನು ಅಳಿಸುವುದು. ಹಳೆಯ ಪ್ರೊಸೆಸರ್‌ಗೆಂದು ಹೊಂದಿಸಿದ್ದ ವೇಗ ಹಾಗೂ ವೋಲ್ಟೇಜ್ ಹೊಸದಕ್ಕೆ ಒಗ್ಗದಿರಬಹುದು. ಗೋಡೆಯ ಪ್ಲಗ್ ಕಿತ್ತು, ಬೋರ್ಡ್‌ನಲ್ಲಿರುವ 3 ವೋಲ್ಟ್‌ನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಅಥವಾ ಕೈಪಿಡಿಯಲ್ಲಿ ಸೂಚಿಸಿದ ಜಂಪರ್ ಬಳಸಿದರೆ ಸಿದ್ಧತೆಗಳು ಮೂಲಸ್ಥಿತಿಗೆ ಮರಳುತ್ತವೆ.
5. ಕನಿಷ್ಠ ಜೋಡಣೆ. ಪ್ರೊಸೆಸರ್, ಹೀಟ್ ಸಿಂಕ್, ಒಂದೇ ರಾಮ್ ಮತ್ತು ಅಗತ್ಯವಿದ್ದರೆ ಗ್ರಾಫಿಕ್ಸ್ ಕಾರ್ಡ್ ಮಾತ್ರ ಉಳಿಸಿ ಯಂತ್ರವನ್ನು ಚಾಲನೆ ಮಾಡಲಾಗುತ್ತದೆ. ಪರದೆ ಮೂಡಿದರೆ ತೆಗೆದ ಭಾಗಗಳನ್ನು ಒಂದೊಂದಾಗಿ ಮರಳಿ ಜೋಡಿಸುತ್ತಾ ಹೋಗಬೇಕು.

## ಸಾಕೆಟ್ ಮತ್ತು ಪಿನ್‌ಗಳು

ಇಂಟೆಲ್ 2004ರ ಎಲ್‌ಜಿಎ 775 ಸಾಕೆಟ್‌ನಿಂದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪಿನ್‌ಗಳನ್ನು ಮದರ್‌ಬೋರ್ಡ್‌ಗೆ ಸ್ಥಳಾಂತರಿಸಿತು. ಎಎಂಡಿಯ ಮುಖ್ಯವಾಹಿನಿಯ ಪ್ರೊಸೆಸರ್‌ಗಳಲ್ಲಿ ಈ ಬದಲಾವಣೆ 2022ರ ಎಎಂ5 ಸಾಕೆಟ್‌ನೊಡನೆ ಬಂದಿತು. ಎಎಂ4 ಪ್ರೊಸೆಸರ್‌ಗಳ ಅಡಿಯಲ್ಲಿ 1331 ಪಿನ್‌ಗಳಿವೆ. ಎಎಂ5 ಸಾಕೆಟ್‌ನಲ್ಲಿ 1718 ಸಂಪರ್ಕಗಳಿವೆ. ಇವುಗಳಲ್ಲಿ ಒಂದು ಬಾಗಿದರೂ ಅದು ಹೊತ್ತ ಕೆಲಸಕ್ಕೆ ಅನುಗುಣವಾಗಿ ಇಡೀ ಯಂತ್ರ ನಿಲ್ಲಬಹುದು ಅಥವಾ ಮೆಮೊರಿಯ ಒಂದು ಭಾಗವಷ್ಟೇ ಕಾಣದಾಗಬಹುದು.

ಎಎಂ4 ಯಂತ್ರಗಳಲ್ಲಿ ಒಣಗಿದ ಥರ್ಮಲ್ ಪೇಸ್ಟ್‌ನ ಅಂಟಿನಿಂದಾಗಿ ಹೀಟ್ ಸಿಂಕ್ ಎತ್ತುವಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಬರುವುದುಂಟು. ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ ವಿದ್ಯುತ್ ಕಡಿದು, ಹೀಟ್ ಸಿಂಕನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿಕೊಳ್ಳುವುದು ಇದನ್ನು ತಪ್ಪಿಸುವ ಬಗೆ. ಪ್ರೊಸೆಸರ್‌ನ ಮೂಲೆಯ ತ್ರಿಕೋನ ಚಿಹ್ನೆ ಸಾಕೆಟ್‌ನ ಚಿಹ್ನೆಗೆ ಹೊಂದಿಕೊಂಡರೆ ಅದು ಒತ್ತಡವಿಲ್ಲದೆ ತಾನಾಗಿ ಕೂರುತ್ತದೆ. ಒತ್ತಬೇಕಾಗಿ ಬಂದರೆ ದಿಕ್ಕು ತಪ್ಪಿದೆ ಎಂದೇ ತಿಳಿಯಬೇಕು. ಕೆಲಸಕ್ಕೆ ಮುನ್ನ ಭೂಸಂಪರ್ಕವಿರುವ ಲೋಹವನ್ನು ಮುಟ್ಟಿದರೆ ಮೈಯಲ್ಲಿನ ಸ್ಥಿರವಿದ್ಯುತ್ ಹರಿದುಹೋಗುತ್ತದೆ.

## ತಾಪ

ಪ್ರೊಸೆಸರ್ ಮತ್ತು ಹೀಟ್ ಸಿಂಕ್ ನಡುವಿನ ಸೂಕ್ಷ್ಮ ಅಂತರಗಳನ್ನು ಥರ್ಮಲ್ ಪೇಸ್ಟ್ ತುಂಬುತ್ತದೆ. ಹಳೆಯ ಪೇಸ್ಟನ್ನು ಪೂರ್ತಿ ಒರೆಸಿ ಹೊಸದನ್ನು ಹಚ್ಚಬೇಕು. ಹೊಸ ಹೀಟ್ ಸಿಂಕ್‌ನ ತಳದಲ್ಲಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆಯುವುದು, ತಿರುಪುಗಳನ್ನು ಅಸಮವಾಗಿ ಬಿಗಿಯುವುದು ಮತ್ತು ಫ್ಯಾನ್ ತಂತಿಯನ್ನು ಬೇರೆ ಕಡೆ ಜೋಡಿಸುವುದು ಸಾಮಾನ್ಯ ಲೋಪಗಳು. 2021ರ ಎಲ್‌ಜಿಎ 1700 ಸಾಕೆಟ್‌ನಲ್ಲಿ ಹೀಟ್ ಸಿಂಕ್ ರಂಧ್ರಗಳ ಅಂತರ 75 ಮಿಲಿಮೀಟರ್‌ನಿಂದ 78 ಮಿಲಿಮೀಟರ್‌ಗೆ ಹೆಚ್ಚಿದ್ದರಿಂದ ಹಳೆಯ ಹೀಟ್ ಸಿಂಕ್‌ಗಳಿಗೆ ಹೊಸ ಚೌಕಟ್ಟು ಬೇಕಾಯಿತು.

ಬಿಸಿಯ ಪ್ರಮಾಣವನ್ನು ಆಯಾ ಮಾದರಿಗೆ ತಕ್ಕಂತೆ ಅಳೆಯಬೇಕು. ರೈಜನ್ 7000 ಸರಣಿಯ ಹಲವು ಮಾದರಿಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿ ಸೆಲ್ಸಿಯಸ್ ತಲುಪುವಂತೆಯೇ ವಿನ್ಯಾಸಗೊಂಡಿವೆ. ಆದರೆ ಬಯಾಸ್ ಪರದೆಯಲ್ಲಿ ಯಾವ ಹೊರೆಯೂ ಇಲ್ಲದಿರುವಾಗ ತಾಪ ಬಿಡದೆ ಏರುತ್ತಿದ್ದರೆ ಹೀಟ್ ಸಿಂಕ್ ಸರಿಯಾಗಿ ಕೂತಿಲ್ಲವೆಂದು ಊಹಿಸಬಹುದು. ತಾಪ ಮಿತಿ ಮೀರಿದಾಗ ಆಧುನಿಕ ಪ್ರೊಸೆಸರ್‌ಗಳು ಮೊದಲು ವೇಗ ತಗ್ಗಿಸಿ, ಆಗಲೂ ಇಳಿಯದಿದ್ದರೆ ಯಂತ್ರವನ್ನೇ ಆಫ್ ಮಾಡಿ ತಮ್ಮನ್ನು ರಕ್ಷಿಸಿಕೊಳ್ಳುತ್ತವೆ.

## ಅಸ್ಥಿರತೆ

ಯಂತ್ರ ಚಾಲನೆಗೊಂಡು ಆಗಾಗ ಸ್ಥಗಿತಗೊಳ್ಳುತ್ತಿದ್ದರೆ ಮೊದಲು ಮೆಮೊರಿಯ ವೇಗವರ್ಧನೆಯನ್ನು ರದ್ದುಪಡಿಸಿ ಸಾಮಾನ್ಯ ವೇಗದಲ್ಲಿ ಪರೀಕ್ಷಿಸಲಾಗುತ್ತದೆ. ಮೆಮೊರಿ ನಿಯಂತ್ರಕವು ಪ್ರೊಸೆಸರ್‌ನಲ್ಲೇ ಇರುವುದರಿಂದ, ಹಳೆಯ ಪ್ರೊಸೆಸರ್‌ನೊಡನೆ ನಡೆಯುತ್ತಿದ್ದ ವೇಗ ಹೊಸದರೊಡನೆ ನಡೆಯದಿರಬಹುದು. ಬಳಿಕ ಎಸ್‌ಎಂಪಿಎಸ್ ಹೊಸ ಪ್ರೊಸೆಸರ್‌ನ ಬೇಡಿಕೆಗೆ ಸಾಲುವುದೇ ಎಂದು ನೋಡಬೇಕು.

ಕೆಲವೊಮ್ಮೆ ಮೂಲಕಾರಣ ಬಳಕೆದಾರರ ಕೈಮೀರಿರುತ್ತದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೋರುತ್ತಿದ್ದುದನ್ನು ಸಂಸ್ಥೆಯು 2024ರಲ್ಲಿ ಒಪ್ಪಿಕೊಂಡಿತು. ಆ ವರ್ಷದ ಆಗಸ್ಟ್‌ನಿಂದ ಬಯಾಸ್ ಮೂಲಕ ತಿದ್ದುಪಡಿಗಳನ್ನು ನೀಡಿದ್ದಲ್ಲದೆ, ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಈ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯಲು ನೆರವಾಗುತ್ತದೆ. ಆಗಲೇ ಆದ ಹಾನಿಯನ್ನು ಸರಿಪಡಿಸುವುದಿಲ್ಲ.

## ಪ್ರೊಸೆಸರ್ ಕೆಟ್ಟಿದೆ ಎಂದು ನಿರ್ಧರಿಸುವುದು

ಖಚಿತ ನಿರ್ಧಾರಕ್ಕೆ ಅದಲುಬದಲು ಪರೀಕ್ಷೆ ಅಗತ್ಯ. ಹಳೆಯ ಪ್ರೊಸೆಸರ್ ಮರಳಿ ಕೂರಿಸಿದಾಗ ಯಂತ್ರ ನಡೆದರೆ ಬೋರ್ಡ್, ರಾಮ್ ಮತ್ತು ಎಸ್‌ಎಂಪಿಎಸ್ ಬಹುಮಟ್ಟಿಗೆ ಸರಿಯಾಗಿವೆ ಎಂದರ್ಥ. ಹಳೆಯದೂ ನಡೆಯದಿದ್ದರೆ ಬದಲಾಯಿಸುವಾಗ ಬೋರ್ಡ್‌ಗೆ ಅಥವಾ ಸಾಕೆಟ್‌ಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಹೊಸ ಪ್ರೊಸೆಸರ್ ಅದನ್ನು ಬೆಂಬಲಿಸುವ ಇನ್ನೊಂದು ಬೋರ್ಡ್‌ನಲ್ಲಿಯೂ ವಿಫಲವಾದಾಗ ಮಾತ್ರ ಅದು ಕೆಟ್ಟಿದೆಯೆಂದು ತೀರ್ಮಾನಿಸಬಹುದು. ಮನೆಯಲ್ಲಿ ಎರಡನೆಯ ಬೋರ್ಡ್ ಇಲ್ಲದವರು ಬಿಡಿಭಾಗಗಳ ಅಂಗಡಿಯಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳಬಹುದು. ಹೊಸ ಯಂತ್ರ ಕೆಲವು ದಿನ ಸ್ಥಿರವಾಗಿ ನಡೆಯುವವರೆಗೆ ಹಳೆಯ ಪ್ರೊಸೆಸರನ್ನು ಮಾರದೆ, ಪಿನ್‌ಗಳಿಗೆ ಪೆಟ್ಟಾಗದಂತೆ ಅದರ ಪೊಟ್ಟಣದಲ್ಲಿ ಕಾಪಿಟ್ಟುಕೊಳ್ಳುವುದು ಒಳಿತು. ದೋಷ ಹುಡುಕಲೂ ಟಿಪಿಎಂ ಕೀಲಿಗಳನ್ನು ಮರಳಿ ಪಡೆಯಲೂ ಅದೇ ಆಧಾರ.

## ಇವನ್ನೂ ನೋಡಿ

* ಕೇಂದ್ರ ಸಂಸ್ಕರಣಾ ಘಟಕ
* ಮದರ್‌ಬೋರ್ಡ್
* ಬಯಾಸ್
* ಗೂಢಲಿಪಿಶಾಸ್ತ್ರ