ತೆಂಗಿನ ಸೀಮೆಯ ಕುದುರೆಯೂ ಕಾವಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹೆಸರೆತ್ತಿದೊಡನೆ ತೆಂಗಿನ ಸಾಲುಗಳೂ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಚಿಪ್ಪಿನೊಳಗೆ ಗಡಗಡನೆ ಉರುಳುವ ಉಂಡೆಕೊಬ್ಬರಿಯೂ ನೆನಪಿಗೆ ಬರುವುದು ಸಹಜವೇ. 1800ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿಯ ತೋಟಗಳನ್ನು ಕಂಡು ಅವುಗಳ ಬೇಸಾಯಕ್ರಮವನ್ನು ಬರೆದಿಟ್ಟನು. ಆದರೆ ಕೆರೆಯ ಕೆಳಗೆ ತೋಟ, ದಿಣ್ಣೆಯ ಮೇಲೆ ಹುರುಳಿ ರಾಗಿಗಳ ಹೊಲ, ಅದರಾಚೆಗೆ ಹುಲ್ಲಿನ ಕಾವಲು, ಹೀಗೆ ಮೂರು ನೆಲೆಗಳಲ್ಲಿ ಹರಡಿಕೊಂಡಿದ್ದ ಈ ಸೀಮೆಯ ಬಾಳಿನಲ್ಲಿ ದನಕ್ಕೂ ಕುದುರೆಗೂ ಕೃಷ್ಣಮೃಗಕ್ಕೂ ತೋಳಕ್ಕೂ ಸಮಾನವಾಗಿ ಆಶ್ರಯವಿತ್ತುದು ಆ ಮೂರನೆಯ ನೆಲೆಯೇ.

ಚಿಕ್ಕನಾಯಕನಹಳ್ಳಿಗೆ ತಮ್ಮ ವಂಶದವನೊಬ್ಬನ ಹೆಸರನ್ನು ಕೊಟ್ಟ ಹಾಗಲವಾಡಿಯ ಪಾಳೆಯಗಾರರು ದನಗಳ ಸಾಕಣೆಗೂ ಪ್ರಸಿದ್ಧರಾಗಿದ್ದರು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುತ್ತಿದ್ದ ‘ಬೆಣ್ಣೆ ಚಾವಡಿ’ಯು ಹೈದರನ ಕೈಯಲ್ಲಿ ಫಿರಂಗಿಗಳನ್ನೆಳೆಯುವ ಎತ್ತುಗಳ ಆಗರವಾಗಿ, ಟಿಪ್ಪುವಿನಿಂದ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. ಅಮೃತ ಮಹಲಿನ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಋತುಮಾನಕ್ಕೆ ತಕ್ಕಂತೆ ವಿಂಗಡಿಸಲಾಗಿದ್ದಿತು. ಬೇಸಗೆಯ ಕಾವಲೆಂದರೆ ಕೆರೆಯಂಗಳದ ಹಸುರೂ ಮರಗಳ ನೆರಳೂ ಇರುವಂಥದು. ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಮಂದೆಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದುದರಿಂದ ಮೇದ ಹುಲ್ಲಿಗೆ ಮತ್ತೆ ಚಿಗುರುವ ಅವಕಾಶ ದೊರೆಯುತ್ತಿದ್ದಿತು. ವರ್ಷವೆಲ್ಲ ಬಯಲಿನಲ್ಲಿಯೇ ಬೆಳೆದ ಈ ಹಸುಗಳು ತಮ್ಮ ದನಗಾಹಿಯ ದನಿಗಲ್ಲದೆ ಬೇರೆಯವರಿಗೆ ಮಣಿಯುತ್ತಿರಲಿಲ್ಲ. ಅಪರಿಚಿತನು ಹತ್ತಿರ ಸುಳಿದರೆ ಕೊಂಬು ಬಾಗಿಸಿ ಎದುರು ನಿಲ್ಲುತ್ತಿದ್ದುವು.

ತುರುವೇಕೆರೆಗೆ ಹೊಂದಿಕೊಂಡ ಕುಣಿಗಲ್ ಸೀಮೆಯಲ್ಲಿ ಕುದುರೆಯದೇ ಪ್ರತ್ಯೇಕ ಸಂಸ್ಥೆಯಿದ್ದಿತು. ಟಿಪ್ಪುವಿನ ಕಾಲದಿಂದ ನಡೆದುಬಂದುದೆಂದು ಪ್ರಸಿದ್ಧವಾದ ಆ ಅಶ್ವಶಾಲೆಯು ಮುಂದೆ ಮೈಸೂರಿನ ಸಿಲ್ಲೇದಾರರಿಗಾಗಿ ತಳಿಯನ್ನು ಬೆಳೆಸಿತು. 1807ರ ಕರಾರಿನಂತೆ ಮೈಸೂರು ಸಂಸ್ಥಾನವು 4000 ಕುದುರೆ ಸವಾರರನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಗಿದ್ದಿತಷ್ಟೆ. ಸಿಲ್ಲೇದಾರನೆಂದರೆ ತನ್ನ ಕುದುರೆಯನ್ನು ತಾನೇ ತಂದು ಚಾಕರಿಗೆ ನಿಲ್ಲುವವನು. ಕುದುರೆ ಸತ್ತರೆ ಅವನ ಜೀವನೋಪಾಯಕ್ಕೇ ಕುತ್ತು. ಆದುದರಿಂದ ಅಂಥವನ ಮನೆಯ ದಿನಚರಿಯೆಲ್ಲ ಕುದುರೆಯ ಹೊಟ್ಟೆಯನ್ನು ಅನುಸರಿಸಿಯೇ ನಡೆಯಬೇಕಾಗಿದ್ದಿತು.

ಆ ದಿನಚರಿ ಕಠಿಣವಾದುದು. ಬೆಳಕು ಹರಿಯುವ ಮೊದಲೇ ಲಾಯವನ್ನು ಗುಡಿಸಿ, ಅಗಾಡಿ ಪಿಚಾಡಿ ಹಗ್ಗಗಳನ್ನು ಬಿಚ್ಚಿ, ನೀರು ಕುಡಿಸಿ ತಂದು, ಖರಾರದಿಂದ ಮೈ ಉಜ್ಜಿ, ಗೊರಸಿನ ಸಂದಿಯಲ್ಲಿ ಸಿಕ್ಕಿದ ಕಲ್ಲನ್ನು ಕೆದಕಿ ತೆಗೆಯಬೇಕು. ಹುಲ್ಲು ತರುವವನು ಬದುಗಳಲ್ಲಿಯೂ ಕೆರೆಯಂಗಳದಲ್ಲಿಯೂ ಗರಿಕೆಯನ್ನು ಬೇರುಸಹಿತ ಕೆತ್ತಿ, ಮಣ್ಣು ಉದುರುವಂತೆ ಬಡಿದು, ತೊಳೆದು ಹೊರೆ ಕಟ್ಟುತ್ತಿದ್ದನು. ಮಣ್ಣು ಉಳಿದ ಹುಲ್ಲು ಹೊಟ್ಟೆಶೂಲೆಗೆ ದಾರಿ. ಸಂಜೆಗೆ ಹುರುಳಿ: ಚೆನ್ನಾಗಿ ಬೆಂದು, ಬೆರಳಿನಿಂದ ಹಿಸುಕಿದರೆ ನುಣ್ಣಗಾಗಿ, ಪೂರಾ ಆರಿದ ಮೇಲೆಯೇ ಕುದುರೆಯ ಮುಂದೆ ಇಡತಕ್ಕದ್ದು. ಈ ಸೀಮೆಯ ಅಡುಗೆಮನೆಯಲ್ಲಿ ಹುರುಳಿಕಟ್ಟಿನ ಸಾರಿಗಾಗಿ ಬೇಯುತ್ತಿದ್ದುದೂ ಅದೇ ಕೆಂಪುಮಣ್ಣಿನ ಕಾಳು. ಅಶ್ವರಕ್ಷಣೆಯ ಈ ವಿದ್ಯೆ ಬಾಯಿಂದ ಬಾಯಿಗೆ ಬಂದುದು ಮಾತ್ರವಲ್ಲ; ಚಾಮರಾಜ ಒಡೆಯರ ಕಾಲದಲ್ಲಿ ಪದ್ಮಣ ಪಂಡಿತನು ಕನ್ನಡದಲ್ಲಿ ‘ಹಯಸಾರಸಮುಚ್ಚಯ’ವನ್ನೇ ರಚಿಸಿದ್ದನು.

ಲಾಯದ ಒಡನಾಡಿಗಳೂ ಕಡಮೆಯಿರಲಿಲ್ಲ. ಅಶ್ವಶಾಲೆಯ ಬೆಂಕಿಯನ್ನೂ ಅರಮನೆಯ ಕಪಿಗಳನ್ನೂ ಒಂದೇ ಕಥೆಯಲ್ಲಿ ಹೆಣೆದ ಪಂಚತಂತ್ರವನ್ನು ಬಲ್ಲವರಿಗೆ ಪ್ರಾಣಿಗಳ ಈ ಸಹವಾಸ ಹೊಸತಲ್ಲ. ತೆಂಗಿನ ಸೀಮೆಯಲ್ಲಿ ಕಾಳಿದ್ದೆಡೆ ಇಲಿ, ಇಲಿಯಿದ್ದೆಡೆ ಬೆಕ್ಕು. ಸುಳಿಯಲ್ಲಿ ಎಳೆಗಾಯಿ ಕೊರೆಯುವ ಇಲಿಯನ್ನು ಹಿಡಿಯುವುದೆಂದು ಕೇರೆಹಾವನ್ನು ಹೊಡೆಯದೆ ಬಿಡುವ ವಿವೇಕವೂ ಹಳಬರಲ್ಲಿದ್ದಿತು. ಊರಾಚೆಯ ಕಾವಲಿನಲ್ಲಿ ಕೃಷ್ಣಮೃಗಗಳು ದನಗಳ ಪಕ್ಕದಲ್ಲಿಯೇ ಮೇಯುತ್ತಿದ್ದುವು. ಅವುಗಳ ಬೆನ್ನಿಗೇ ತೋಳ, ತೋಳಕ್ಕೆದುರಾಗಿ ಕುರಿಹಟ್ಟಿಯ ನಾಯಿ. ದನಗಾಹಿಯಾದ ಜುಂಜಪ್ಪನನ್ನೇ ದೈವವೆಂದು ಕೊಂಡಾಡುವ ಕಾಡುಗೊಲ್ಲರ ಪರಂಪರೆಯು ಬೆಳೆದುದೂ ಇಂಥ ಬಯಲಿನಲ್ಲಿಯೇ. ಉಳುಮೆಯನ್ನು ನಿಷೇಧಿಸಿ ಸೈನ್ಯದ ಎತ್ತಿಗಾಗಿ ಕಾಯ್ದಿಟ್ಟ ಹುಲ್ಲು, ಯಾರೂ ಉದ್ದೇಶಿಸದೆಯೇ, ವನ್ಯಮೃಗಗಳ ಅಭಯಾರಣ್ಯವಾಗಿದ್ದಿತು.

ವ್ಯವಸ್ಥೆ ಸಡಿಲಿದುದು ಖರ್ಚಿನ ಲೆಕ್ಕದಿಂದ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅಮೃತ ಮಹಲ್ ಮಂದೆಯನ್ನು ಚದುರಿಸಲಾಯಿತು. ಸೇನೆಗೆ ಒಳ್ಳೆಯ ಎತ್ತುಗಳು ಸಿಕ್ಕದೆ ಹೋದಾಗ 1866ರಲ್ಲಿ ಅದನ್ನು ಪುನಃ ಕಟ್ಟಬೇಕಾಯಿತು. 1880ರ ದಶಕದಲ್ಲಿ ರೈಲು ಬಂದಿತು. ಕುದುರೆಗೆ ಉಳಿದುದು ನಿಲ್ದಾಣದೆದುರಿನ ಜಟಕಾ. ಮೈಸೂರು ಲ್ಯಾನ್ಸರ್ಸ್ ಪಡೆಯು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕೀರ್ತಿ ಗಳಿಸಿದರೂ ಯಂತ್ರಯುಗದಲ್ಲಿ ಅಶ್ವದಳಕ್ಕೆ ಭವಿಷ್ಯವಿರಲಿಲ್ಲ. ಕುಣಿಗಲ್ಲಿನ ಲಾಯ ಪಂದ್ಯದ ಕುದುರೆಗಳದಾಯಿತು. 1992ರಲ್ಲಿ ಅದನ್ನು 30 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಕಾವಲುಗಳಾದರೋ ಸಾಗುವಳಿಗೆ, ನೀಲಗಿರಿ ನೆಡುತೋಪಿಗೆ, ಚಳ್ಳಕೆರೆಯ ಕಡೆಯಲ್ಲಿ ರಕ್ಷಣಾ ಸಂಶೋಧನೆಯ ಕೇಂದ್ರಗಳಿಗೆ ಹಂಚಿಹೋದುವು. ಕೊಳವೆಬಾವಿಯ ನೀರನ್ನು ಹಿಂಬಾಲಿಸಿ ತೆಂಗು ದಿಣ್ಣೆಯನ್ನೇರಿತು. ಚಿರತೆ ಈಗ ತೋಟಕ್ಕೇ ಬಂದು ಮನೆಯ ನಾಯಿಯನ್ನು ಹೊತ್ತೊಯ್ಯುತ್ತದೆ.

ಇಂದು ತಿಪಟೂರಿನ ಬಳಿಯ ಕೊನೇಹಳ್ಳಿಯ ಸರ್ಕಾರಿ ಕೇಂದ್ರದಲ್ಲಿ ಅಮೃತ ಮಹಲ್ ತಳಿಯ ರಕ್ಷಣೆ ನಡೆದಿದೆ. ಚಿಕ್ಕನಾಯಕನಹಳ್ಳಿಯ ಉತ್ತರಕ್ಕೆ, ಸಿರಾ ಸೀಮೆಯ ಬುಕ್ಕಾಪಟ್ಟಣದಲ್ಲಿ 2019ರಿಂದ ಚಿಂಕಾರ ವನ್ಯಧಾಮವಿದೆ. ಎರಡೂ ಸ್ತುತ್ಯವೇ. ಆದರೆ ತಳಿಯನ್ನೊಂದು ಇಲಾಖೆಯೂ ಜಿಂಕೆಯನ್ನೊಂದು ಇಲಾಖೆಯೂ ಬೇರೆ ಬೇರೆ ಬೇಲಿಯೊಳಗೆ ಕಾಯುವ ಈ ಕ್ರಮವು ಪೂರ್ವಿಕರ ಅನುಭವಕ್ಕೆ ವಿರುದ್ಧವಾದುದು. ಅವರು ಕಾಯ್ದುದು ಹುಲ್ಲನ್ನು. ಪ್ರಾಣಿಗಳು ಅದರಿಂದ ತಾವಾಗಿ ಉಳಿದುವು. ಪಹಣಿಯಲ್ಲಿ ಇನ್ನೂ ‘ಅಮೃತ ಮಹಲ್ ಕಾವಲು’ ಎಂದೇ ಬರೆದಿರುವ ಸರ್ವೆ ನಂಬರುಗಳನ್ನಾದರೂ ಒತ್ತುವರಿಯಿಂದ ಬಿಡಿಸಿ ಹುಲ್ಲಿಗೆ ಬಿಟ್ಟುಕೊಡುವುದು, ಹೊಸ ಯೋಜನೆಗಳನ್ನು ಹೂಡುವುದಕ್ಕಿಂತ ಮೊದಲು ಆಗಬೇಕಾದ ಕಾರ್ಯ.