ಹಡಗಿನ ಅಳತೆಗೆ ಕಟ್ಟಿದ ಮಾಡು: ಪಿರೇಯಸ್‌ನ ನೌಕಾಗಾರಗಳು

ಕ್ರಿ.ಪೂ. ನಾಲ್ಕನೆಯ ಶತಮಾನದ ವಾಗ್ಮಿ ಡೆಮಾಸ್ತನೀಸ್ ಅಥೆನ್ಸಿನ ಹೆಮ್ಮೆಗಳನ್ನು ಹೆಸರಿಸುವಾಗ ಪಾರ್ಥೆನಾನ್ ದೇಗುಲದ ಸಾಲಿನಲ್ಲೇ ನೌಕಾಗಾರಗಳನ್ನೂ ಸೇರಿಸುತ್ತಾನೆ. ಯುದ್ಧನೌಕೆಗಳನ್ನು ನೀರಿನಿಂದ ಎಳೆದಿಡುತ್ತಿದ್ದ ಹೆಂಚಿನ ಕಟ್ಟಡಗಳಿವು. ಆ ಶತಮಾನದ ಕೊನೆಯ ಭಾಗದ ಶಾಸನಗಳ ಪ್ರಕಾರ ಅಥೆನ್ಸಿನ ಬಂದರುಪಟ್ಟಣ ಪಿರೇಯಸ್‌ನ ಝೀಯಾ ಬಂದರಿನಲ್ಲಿ 196, ಕಾಂಥರೋಸ್‌ನಲ್ಲಿ 94, ಮ್ಯುನಿಖಿಯಾದಲ್ಲಿ 82, ಒಟ್ಟು 372 ನೌಕಾಗಾರಗಳಿದ್ದವು.

ಇಲ್ಲಿ ಇಡುತ್ತಿದ್ದ ಟ್ರೈರೀಮ್ ಎಂಬ ಯುದ್ಧನೌಕೆಯನ್ನು 170 ಮಂದಿ ಹುಟ್ಟು ಹಾಕಿ ನಡೆಸುತ್ತಿದ್ದರು. ಹಗುರವಾಗಿದ್ದರೆ ಮಾತ್ರ ಅದಕ್ಕೆ ವೇಗ. ನೀರಲ್ಲೇ ಬಿಟ್ಟರೆ ಹಲಗೆ ನೀರು ಕುಡಿದು ಭಾರವಾಗುತ್ತಿತ್ತು, ಮರ ಕೊರೆಯುವ ಕಡಲಹುಳುವೂ ಹತ್ತುತ್ತಿತ್ತು. ದಡಕ್ಕೆಳೆದು ಬಿಸಿಲಿಗೆ ಒಡ್ಡಿದರೆ ಹಲಗೆ ಬಿರಿಯುತ್ತಿತ್ತು. ನೆರಳು, ಗಾಳಿ ಎರಡೂ ಬೇಕಿತ್ತು.

ಕಟ್ಟಡದ ರೂಪ ಹುಟ್ಟಿದ್ದು ಈ ಅಗತ್ಯದಿಂದಲೇ. 1885ರಲ್ಲಿ ಝೀಯಾದಲ್ಲಿ ಪುರಾತತ್ವಜ್ಞ ದ್ರಗಾಟ್ಸಿಸ್ ಉತ್ಖನನ ನಡೆಸಿದರು; ನಕ್ಷೆ ಬರೆದವರು ಡೋರ್ಪ್‌ಫೆಲ್ಡ್. ಸುಮಾರು ಆರೂವರೆ ಮೀಟರ್ ಅಂತರದಲ್ಲಿ ಕಂಬಸಾಲುಗಳು. ನಡುವೆ ಬಂಡೆಯಲ್ಲೇ ಕಡಿದ, ನೀರಿನತ್ತ ಇಳಿಯುವ ಸುಮಾರು 3 ಮೀಟರ್ ಅಗಲದ ಜಾರುದಾರಿ. ಒಂದು ಸಾಲಿನ ಕಂಬಗಳು ಒತ್ತೊತ್ತಾಗಿದ್ದರೆ ಪಕ್ಕದ ಸಾಲಿನವು ವಿರಳ. ಒಂದು ಸಾಲು ಮಾಡಿನ ನೆತ್ತಿಯನ್ನೂ ಇನ್ನೊಂದು ಸೂರನ್ನೂ ಹೊರುತ್ತಿತ್ತು. ಎರಡು ನೌಕೆಗಳಿಗೆ ಒಂದೇ ಮಾಡು ಸಾಕಾಗುತ್ತಿತ್ತು ಎಂಬುದು ಡೋರ್ಪ್‌ಫೆಲ್ಡ್ ವಾದ. ನೌಕೆಗಳ ನಡುವೆ ಗೋಡೆಯ ಬದಲು ಕಂಬಗಳಿದ್ದುದರಿಂದ ಗಾಳಿಯಾಟಕ್ಕೆ ಅಡ್ಡಿಯಿರಲಿಲ್ಲ.

ಟ್ರೈರೀಮಿನ ಒಡಲು ಇದುವರೆಗೆ ಎಲ್ಲಿಯೂ ಸಿಕ್ಕಿಲ್ಲ. ಹೀಗಾಗಿ ವಿದ್ವಾಂಸರು ಕಟ್ಟಡವನ್ನು ಅಳೆದು ನೌಕೆಯ ಅಳತೆ ಊಹಿಸಬೇಕಾಯಿತು. ಕಂಬಗಳ ನಡುವೆ ಹಿಡಿಸುವಷ್ಟೇ ಅದರ ಗರಿಷ್ಠ ಅಗಲ. 1987ರಲ್ಲಿ ನೀರಿಗಿಳಿದ ಮರುನಿರ್ಮಿತ ಟ್ರೈರೀಮ್ ‘ಒಲಿಂಪಿಯಾಸ್’, ಸುಮಾರು 37 ಮೀಟರ್ ಉದ್ದ, ಐದೂವರೆ ಮೀಟರ್ ಅಗಲದ್ದು, ಈ ಮಿತಿಯೊಳಗೇ ರೂಪುಗೊಂಡಿತು.

ನೌಕಾಬಲವೇ ಅಥೆನ್ಸಿನ ಪ್ರಜಾಪ್ರಭುತ್ವದ ಆಸರೆ. ಆ ಪ್ರಜಾಪ್ರಭುತ್ವವನ್ನು ಮುರಿದವರ ಕಣ್ಣು ಈ ಕಟ್ಟಡಗಳ ಮೇಲೂ ಬಿತ್ತು. ಸಾವಿರ ಟ್ಯಾಲೆಂಟಿಗೆ (ಟ್ಯಾಲೆಂಟ್ ಅಂದಿನ ಹಣದ ಮಾನ) ಕಡಿಮೆಯಿಲ್ಲದ ವೆಚ್ಚದಲ್ಲಿ ಕಟ್ಟಿದ್ದನ್ನು ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ‘ಮೂವತ್ತು ಮಂದಿ’ ನಿರಂಕುಶರು ಬರೀ ಮೂರು ಟ್ಯಾಲೆಂಟಿಗೆ, ಕೆಡವಿ ಒಯ್ಯಲು ಮಾರಿದರೆಂದು ವಾಗ್ಮಿ ಐಸಾಕ್ರಟೀಸ್ ದೂರುತ್ತಾನೆ. ಮತ್ತೆ ಕಟ್ಟಿದ ಬಂದರಿಗೆ ಕ್ರಿ.ಪೂ. 86ರಲ್ಲಿ ರೋಮನ್ ಸೇನಾನಿ ಸುಲ್ಲಾ ಬೆಂಕಿಯಿಟ್ಟ.

ಕಿರಿದಾದ ಝೀಯಾ ದಡದಲ್ಲಿ 196 ನೌಕೆಗಳಿಗೆ ಜಾಗ ಸಿಕ್ಕಿದ್ದಾದರೂ ಹೇಗೆ? 2001ರಿಂದ ಬ್ಯೋರ್ನ್ ಲೊವೇನ್ ತಂಡ ನಡೆಸಿದ ಜಲಾಂತರ್ಗತ ಶೋಧ ಇದಕ್ಕೆ ಉತ್ತರ ಕೊಡುತ್ತದೆ. ಮೊದಲು ಮಾಡಿಲ್ಲದ ಜಾರುದಾರಿ, ಆಮೇಲೆ ಒಂಟಿ ನೌಕೆಯ ಗಾರ, ನಾಲ್ಕನೆಯ ಶತಮಾನದಲ್ಲಿ ಒಂದರ ಹಿಂದೊಂದು ನೌಕೆ ನಿಲ್ಲಿಸುವ ಜೋಡಿ ಗಾರ ಎಂದು ಮೂರು ಹಂತಗಳನ್ನು ತಂಡ ಗುರುತಿಸಿದೆ. ದಡದಲ್ಲಿ ಎಡೆ ಸಾಲದಾದಾಗ ಕಟ್ಟಡ ಒಳನಾಡಿನತ್ತ ಉದ್ದವಾಯಿತು.